ಗುಡ್ಡದಾಚೆಯ ಮನೆಗೂ ದೂರವಾಣಿ

ಮಲೆನಾಡಿನ ಒಳಭಾಗಗಳಲ್ಲಿ ಓಡಾಡಿದವರು ನೀವಾದರೆ ಈ ದೃಶ್ಯವನ್ನು ಕಂಡೇ ಇರುತ್ತೀರಿ. ಮನೆಯಿಂದ ಎರಡು ಫರ್ಲಾಂಗು ದೂರದಲ್ಲಿ ಒಂದು ದಿಬ್ಬ. ದಿಬ್ಬದ ಮೇಲೆ ಒಂದು ಮರ. ಮರದ ಬುಡದಲ್ಲಿ ಮೂರೋ ನಾಲ್ಕೋ ಜನ. ಒಬ್ಬರು ಅಡಕೆಯ ಧಾರಣೆ ವಿಚಾರಿಸುತ್ತಿರುತ್ತಾರೆ. ಇನ್ನೊಬ್ಬರು ಬೆಂಗಳೂರಿನಲ್ಲಿರುವ ಮಗನೊಡನೆ ಮಾತನಾಡುತ್ತಿರುತ್ತಾರೆ. ಮೂರನೆಯವರು ಮಾತ್ರ ಕೈಯಲ್ಲಿರುವ ಫೋನನ್ನು ಆರತಿಯಂತೆ ಮೇಲಕ್ಕೆತ್ತಿ ಆಚೆ ಈಚೆ ತಿರುಗಿಸುತ್ತ ನಿಂತಿರುತ್ತಾರೆ. ನನ್ನ ಚಿಕ್ಕಮ್ಮನ ಊರಿನಲ್ಲಿ ಅಂಥ ಮರವೊಂದಿದೆ. ಊರವರು ಅದಕ್ಕೆ ಸಿಗ್ನಲ್ ಮರವೆಂದೇ ಹೆಸರಿಟ್ಟು, ಬುಡದಲ್ಲಿ ಕೂರುವುದಕ್ಕೆ ಒಂದು ಚಪ್ಪಡಿಕಲ್ಲನ್ನೂ ಹಾಕಿಕೊಂಡಿದ್ದಾರೆ. 2020ರ ಮಹಾಮಾರಿಯ ಕಾಲದಲ್ಲಿ ಪಾಠಶಾಲೆಗಳು ಮುಚ್ಚಿ, ಪಾಠಗಳೆಲ್ಲ ಫೋನಿಗೆ ಬಂದಾಗ, ಆ ಕಲ್ಲಿನ ಮೇಲೆ ಕೊಡೆ ಹಿಡಿದುಕೊಂಡು ಕುಳಿತು ಲೆಕ್ಕ ಕಲಿತ ಮಕ್ಕಳನ್ನು ನಾನು ಬಲ್ಲೆ.

ಒಮ್ಮೆ ಚಿಕ್ಕಮ್ಮ ನನ್ನನ್ನು ಹಿಡಿದು ಕೇಳಿದರು: "ಅಲ್ಲ ಮಾರಾಯ, ರೇಡಿಯೋ ಅಡುಗೆಮನೆಯ ಒಳಗೇ ಕೇಳ್ತದೆ. ಈ ಸಣ್ಣ ಡಬ್ಬಿಗೆ ಎಂತ ಧಾಡಿ, ಗುಡ್ಡ ಹತ್ತಿಸ್ತದಲ್ಲ?"

ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಅದಕ್ಕೆ ಉತ್ತರ ಹೇಳುತ್ತ ಹೋದರೆ ಮೊದಲು ವಿಜ್ಞಾನಕ್ಕೂ, ಅಲ್ಲಿಂದ ಲೆಕ್ಕಪತ್ರಕ್ಕೂ, ಕೊನೆಗೆ ನಮ್ಮ ಸರ್ಕಾರದ ದೂರವಾಣಿ ಸಂಸ್ಥೆಯಾದ ಭಾರತ ಸಂಚಾರ ನಿಗಮದ ಬಾಗಿಲಿಗೂ ಹೋಗಬೇಕಾಗುತ್ತದೆ. ಬಿ.ಎಸ್.ಎನ್.ಎಲ್. ಎಂಬ ಹೆಸರಿನಿಂದ ನಿಮಗೆಲ್ಲ ಪರಿಚಿತವಾಗಿರುವ ಈ ಸಂಸ್ಥೆಯನ್ನು ಹೊಗಳುವವರೂ ಇದ್ದಾರೆ, ಬೈಯುವವರು ಅದಕ್ಕಿಂತ ಹೆಚ್ಚಾಗಿದ್ದಾರೆ. ಅದು ಇರುವುದು ಏತಕ್ಕೆ, ಅದರ ಖರ್ಚನ್ನು ಹೊರುವವರು ಯಾರು ಎಂಬುದನ್ನು ವಿಚಾರಿಸುವವರು ಕಡಿಮೆ. ಅದನ್ನೇ ಇಲ್ಲಿ ಸ್ವಲ್ಪ ವಿಚಾರಿಸೋಣ.

ಮೊದಲು ಚಿಕ್ಕಮ್ಮನ ಪ್ರಶ್ನೆ. ಬಾನುಲಿಯಲ್ಲಿ ಮಾತನಾಡುವವರು ಒಬ್ಬರು, ಕೇಳುವವರು ಲಕ್ಷಾಂತರ ಮಂದಿ. ನಿಲಯದ ಪ್ರೇಷಕ ಯಂತ್ರಕ್ಕೆ ಅಪಾರ ಶಕ್ತಿ. ನಿಮ್ಮ ಮನೆಯ ರೇಡಿಯೋ ಪೆಟ್ಟಿಗೆ ಬಂದದ್ದನ್ನು ಕೇಳಿಸಿಕೊಂಡರೆ ಸಾಕು, ತಿರುಗಿ ಉತ್ತರ ಕೊಡಬೇಕಾಗಿಲ್ಲ. ಯಾರು ಕೇಳುತ್ತಿದ್ದಾರೆ, ಯಾರು ನಿದ್ದೆ ಮಾಡಿದ್ದಾರೆ ಎಂಬುದು ನಿಲಯಕ್ಕೆ ತಿಳಿಯುವುದೂ ಇಲ್ಲ. ಮೇಲಾಗಿ ಮಧ್ಯಮ ತರಂಗದ ಅಲೆ ನೂರಾರು ಮೀಟರ್ ಉದ್ದದ್ದು. ಅಷ್ಟು ದೊಡ್ಡ ಅಲೆಗೆ ಒಂದು ಗುಡ್ಡ ಅಷ್ಟೇನೂ ಅಡ್ಡಿಯಲ್ಲ. ಹೊಳೆಯ ನೀರು ಬಂಡೆಯನ್ನು ಬಳಸಿಕೊಂಡು ಹೋಗುವಂತೆ ಅದು ಬಾಗಿ ಮುಂದಕ್ಕೆ ಹೋಗುತ್ತದೆ.

ಸಂಚಾರಿ ದೂರವಾಣಿಯ ಸ್ಥಿತಿಯೇ ಬೇರೆ. ಅದರ ಅಲೆ ಒಂದು ಅಡಿಯ ಆಸುಪಾಸಿನದು, ಎಷ್ಟೋ ಸಲ ಗೇಣಿಗಿಂತಲೂ ಚಿಕ್ಕದು. ಇಷ್ಟು ಚಿಕ್ಕ ಅಲೆ ಬೆಳಕಿನ ಸ್ವಭಾವಕ್ಕೆ ಹತ್ತಿರವಾದದ್ದು. ಗುಡ್ಡ ಅಡ್ಡ ಬಂದರೆ ಹಿಂದೆ ನೆರಳು ಬೀಳುತ್ತದೆ. ಮಳೆಗಾಲದಲ್ಲಿ ನೆಂದ ಎಲೆಗಳು ಉಳಿದಷ್ಟನ್ನು ಹೀರಿಕೊಳ್ಳುತ್ತವೆ. ಅಷ್ಟೇ ಅಲ್ಲ. ನಿಮ್ಮ ಕೈಯ ಉಪಕರಣ ಕೇಳಿಸಿಕೊಂಡು ಸುಮ್ಮನಿರುವಂತಿಲ್ಲ, ಗೋಪುರಕ್ಕೆ ಮರುಮಾತು ಮುಟ್ಟಿಸಲೇಬೇಕು. ಅದಕ್ಕಿರುವ ಶಕ್ತಿಯಾದರೋ ಹಳೆಯ ಮಾದರಿಯ ಫೋನುಗಳಲ್ಲಿ ಹೆಚ್ಚೆಂದರೆ ಎರಡು ವಾಟ್. ಈಗಿನ ನಾಲ್ಕನೆಯ ತಲೆಮಾರಿನ, ಅಂದರೆ 4ಜಿ ಫೋನುಗಳಲ್ಲಿ ಅದರ ಹತ್ತನೆಯ ಒಂದು ಪಾಲು. ಗೋಪುರದ ಕೂಗು ನಿಮಗೆ ಕೇಳಿಸಿದರೂ ನಿಮ್ಮ ಪಿಸುಮಾತು ಗೋಪುರಕ್ಕೆ ಕೇಳಿಸದಿದ್ದರೆ ಸಂಭಾಷಣೆ ನಡೆಯುವುದಾದರೂ ಹೇಗೆ? ಆದ್ದರಿಂದಲೇ ಚಿಕ್ಕಮ್ಮ ಗುಡ್ಡ ಹತ್ತಬೇಕಾದದ್ದು.

ಇನ್ನೊಂದು ತೊಡಕೂ ಉಂಟು. ಆಕಾಶದಲ್ಲಿ ಅಲೆಗಳಿಗೆ ಇರುವ ಜಾಗ ಮಿತವಾದದ್ದು. ಎಲ್ಲರೂ ಒಂದೇ ಗೋಪುರದ ಮೂಲಕ ಮಾತನಾಡಲು ಹೊರಟರೆ ಸಂತೆಯ ಗದ್ದಲವಾದೀತು. ಆದಕಾರಣ ನಾಡನ್ನೆಲ್ಲ ಜೇನುಹುಟ್ಟಿನಂತೆ ಸಣ್ಣ ಸಣ್ಣ ಕೋಶಗಳಾಗಿ ಹಂಚಿ, ಕೋಶಕ್ಕೊಂದು ಗೋಪುರ ನಿಲ್ಲಿಸುತ್ತಾರೆ. ಕೋಶಕ್ಕೆ ಇಂಗ್ಲಿಷಿನಲ್ಲಿ ಸೆಲ್ ಎನ್ನುತ್ತಾರಷ್ಟೆ. ಸೆಲ್‌ಫೋನ್ ಎಂಬ ಹೆಸರು ಬಂದದ್ದು ಹೀಗೆ. ಒಂದು ಕೋಶದಲ್ಲಿ ಬಳಸಿದ ಅಲೆಯನ್ನೇ ನಾಲ್ಕಾರು ಕೋಶಗಳ ಆಚೆ ಮತ್ತೆ ಬಳಸಬಹುದು. ನೀವು ಬಸ್ಸಿನಲ್ಲಿ ಹೋಗುತ್ತಿರುವಾಗ ಒಂದು ಗೋಪುರ ನಿಮ್ಮನ್ನು ಮುಂದಿನ ಗೋಪುರಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ. ನೀವು ಮಾತನಾಡದೆ ಸುಮ್ಮನಿದ್ದಾಗಲೂ ನಿಮ್ಮ ಫೋನು ಆಗಾಗ ತಾನೆಲ್ಲಿದ್ದೇನೆಂದು ವರದಿ ಒಪ್ಪಿಸುತ್ತಲೇ ಇರುತ್ತದೆ. ಅದನ್ನು ಬರೆದುಕೊಳ್ಳುವ ದೊಡ್ಡದೊಂದು ಹಾಜರಿ ಪುಸ್ತಕ ಸಂಸ್ಥೆಯ ವಿನಿಮಯ ಕೇಂದ್ರದಲ್ಲಿದೆ. ಯಾರೋ ನಿಮ್ಮನ್ನು ಕರೆದಾಗ ಇಡೀ ದೇಶವನ್ನು ಹುಡುಕದೆ ನಿಮ್ಮ ದಿಕ್ಕಿನ ಗೋಪುರಗಳಿಗೇ ಕರೆ ಹೋಗುವುದು ಈ ಪುಸ್ತಕದ ಬಲದಿಂದ.

ಗೋಪುರವೆಂದರೆ ಬರಿಯ ಕಬ್ಬಿಣದ ಚೌಕಟ್ಟಲ್ಲ. ಅದರ ಬುಡಕ್ಕೆ ವಿದ್ಯುತ್ತು ಬರಬೇಕು. ವಿದ್ಯುತ್ತು ಹೋದಾಗ ನಡೆಸುವುದಕ್ಕೆ ಬ್ಯಾಟರಿ ಬೇಕು, ಬ್ಯಾಟರಿ ಇಳಿದಾಗ ಡೀಸೆಲ್ ಜನರೇಟರು ಬೇಕು, ಆ ಡೀಸೆಲನ್ನು ಗುಡ್ಡದ ಮೇಲಕ್ಕೆ ಹೊತ್ತು ತರುವ ಆಳು ಬೇಕು. ಅಲ್ಲಿಂದ ಮುಂದೆ ಮಾತನ್ನು ಊರಿಗೆ ಒಯ್ಯುವುದಕ್ಕೆ ಗಾಜಿನೆಳೆಯ ಕೇಬಲ್ಲನ್ನು ನೆಲದಲ್ಲಿ ಹೂಳಬೇಕು. ಅದಾಗದಿದ್ದರೆ ಇನ್ನೊಂದು ಗೋಪುರದತ್ತ ಮೈಕ್ರೋವೇವ್ ತಟ್ಟೆ ತಿರುಗಿಸಬೇಕು. ಅದೂ ಆಗದಿದ್ದರೆ ಉಪಗ್ರಹವನ್ನೇ ಆಶ್ರಯಿಸಬೇಕು.

ವಿಜ್ಞಾನ ಇಲ್ಲಿಗೆ ಮುಗಿದು ಲೆಕ್ಕ ಆರಂಭವಾಗುತ್ತದೆ. ಪಟ್ಟಣದ ನಡುವೆ ನಿಲ್ಲಿಸಿದ ಗೋಪುರದ ಸುತ್ತ ಸಾವಿರಾರು ಫೋನುಗಳಿವೆ. ಗುಡ್ಡದ ಮೇಲೆ ನಿಲ್ಲಿಸಿದ ಗೋಪುರದ ಸುತ್ತ ನಲವತ್ತು ಮನೆ, ನೂರು ಫೋನು. ಖರ್ಚು ಮಾತ್ರ ಗುಡ್ಡದ ಮೇಲೆಯೇ ಹೆಚ್ಚು. ರಸ್ತೆಯಿಲ್ಲ, ಗಾಳಿಮಳೆಯ ಕಾಟ, ಅರಣ್ಯದ ಅನುಮತಿ ಬೇರೆ. ಲಾಭಕ್ಕಾಗಿ ಬಂಡವಾಳ ಹೂಡಿದವನು ಪಟ್ಟಣದಲ್ಲಿ ನಾಲ್ಕು ಗೋಪುರ ನಿಲ್ಲಿಸಿಯಾನೇ ಹೊರತು ಈ ಗುಡ್ಡ ಹತ್ತಲಾರ. ಅವನನ್ನು ಬೈದು ಪ್ರಯೋಜನವಿಲ್ಲ; ಅವನ ಪಾಲುದಾರರಿಗೆ ಅವನು ಲೆಕ್ಕ ಒಪ್ಪಿಸಬೇಕು. ಹಾಗಾದರೆ ನಲವತ್ತು ಮನೆಯವರು ಏನು ಮಾಡಬೇಕು?

ಈ ಪ್ರಶ್ನೆ ಸಂಚಾರಿ ದೂರವಾಣಿ ಬರುವುದಕ್ಕೆ ಮುಂಚಿನದು. ದೂರವಾಣಿಯೆಲ್ಲವೂ ಸರ್ಕಾರದ ಇಲಾಖೆಯ ಕೈಯಲ್ಲಿದ್ದ ದಿನಗಳನ್ನು ನೀವು ಹಿರಿಯರಾಗಿದ್ದರೆ ಮರೆತಿರಲಾರಿರಿ. ಮನೆಗೆ ಫೋನು ಬೇಕೆಂದು ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು, ಪರಊರಿಗೆ ಮಾತನಾಡಲು ಟ್ರಂಕ್ ಕಾಲ್ ನೊಂದಾಯಿಸಿ ಅಂಚೆಕಛೇರಿಯ ಬೆಂಚಿನ ಮೇಲೆ ಕೂರುವುದು, ಕೊನೆಗೆ ತಂತಿ ಸಿಕ್ಕಾಗ ಇಡೀ ಓಣಿಗೆ ಕೇಳಿಸುವಂತೆ ಕೂಗುವುದು. ಹಳ್ಳಿಗಳಿಗಂತೂ ಅದೂ ಇರಲಿಲ್ಲ. ಹೊರದೇಶದಿಂದ ತಂದ ವಿನಿಮಯ ಯಂತ್ರಗಳು ದೊಡ್ಡ ಊರುಗಳಿಗೆ ತಕ್ಕವು. ತಣ್ಣಗಿನ ಕೋಣೆ ಇಲ್ಲದಿದ್ದರೆ ನಡೆಯುತ್ತಿರಲಿಲ್ಲ. 1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಎಂಬ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿ, ನಮ್ಮ ಹಳ್ಳಿಯ ಬಿಸಿಲು ಧೂಳುಗಳನ್ನು ತಡೆದುಕೊಳ್ಳುವ ಚಿಕ್ಕ ವಿನಿಮಯ ಕೇಂದ್ರವೊಂದನ್ನು ನಮ್ಮವರಿಂದಲೇ ಮಾಡಿಸಿತು. 128 ತಂತಿಗಳ ಆ ಯಂತ್ರ ಮೊದಲು ಕೆಲಸಕ್ಕೆ ನಿಂತದ್ದು ಎಲ್ಲಿ ಬಲ್ಲಿರಾ? ನಮ್ಮ ಕಿತ್ತೂರಿನಲ್ಲಿ, 1986ರ ಜುಲೈಯಲ್ಲಿ. ರಾಣಿ ಚೆನ್ನಮ್ಮನ ಊರಿಗೆ ಈ ಇನ್ನೊಂದು ಹೆಗ್ಗಳಿಕೆಯೂ ಸಲ್ಲುತ್ತದೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು.

ಇನ್ನು ಸಂಚಾರಿ ದೂರವಾಣಿಯ ಮಾತು. ಅದು ನಮ್ಮ ದೇಶಕ್ಕೆ ಬಂದದ್ದು ಖಾಸಗಿ ಕಂಪೆನಿಗಳ ಮೂಲಕ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರೊಡನೆ ಮಾತನಾಡಿದರು. ಆಗಿನ ದರ ನಿಮಿಷಕ್ಕೆ 16 ರೂಪಾಯಿಯ ಮೇಲಕ್ಕೂ ಹೋಗಬಹುದಾಗಿತ್ತು. ಕರೆದವರಷ್ಟೇ ಅಲ್ಲ, ಕರೆಸಿಕೊಂಡವರೂ ತೆರಬೇಕಿತ್ತು! ಮಾವ ಫೋನು ಮಾಡಿ ಕುಶಲ ವಿಚಾರಿಸಿದರೆ ಅಳಿಯನ ಜೇಬಿಗೆ ಕತ್ತರಿ. ಹೀಗಾಗಿ ಅದು ವ್ಯಾಪಾರಿಗಳ, ಅಧಿಕಾರಿಗಳ ಒಡವೆಯಾಗಿಯೇ ಇತ್ತು. 1999ರ ಹೊಸ ದೂರಸಂಪರ್ಕ ನೀತಿ ಸರ್ಕಾರದ ಇಲಾಖೆಯೂ ಮೂರನೆಯ ಸ್ಪರ್ಧಿಯಾಗಿ ಈ ಕಣಕ್ಕೆ ಇಳಿಯಬಹುದೆಂದಿತು. ಮರುವರ್ಷ, 2000ದ ಅಕ್ಟೋಬರ್ 1ರಂದು, ಇಲಾಖೆಯ ಆ ಭಾಗವೇ ಭಾರತ ಸಂಚಾರ ನಿಗಮವೆಂಬ ಕಂಪೆನಿಯಾಗಿ ರೂಪುಗೊಂಡು ಕೆಲಸ ಆರಂಭಿಸಿತು. ದೆಹಲಿ ಮುಂಬಯಿಗಳು ಮಾತ್ರ 1986ರಲ್ಲೇ ಹುಟ್ಟಿದ್ದ ಮಹಾನಗರ ನಿಗಮದ ಪಾಲಿನಲ್ಲಿ ಉಳಿದವು.

2002ರ ಅಕ್ಟೋಬರ್ 19ರಂದು ಲಖನೌದಲ್ಲಿ ಪ್ರಧಾನಿ ಅಟಲ ಬಿಹಾರಿ ವಾಜಪೇಯಿಯವರು ನಿಗಮದ ಸಂಚಾರಿ ಸೇವೆಯನ್ನು ಉದ್ಘಾಟಿಸಿದರು. ತಿಂಗಳ ಕೊನೆಗೆ ಬಿಲ್ಲು ಕಟ್ಟುವವರಿಗೆ ಸೆಲ್‌ವನ್, ಮುಂಗಡ ಹಣ ಹಾಕುವವರಿಗೆ ಎಕ್ಸೆಲ್. ಮುಂಗಡ ಹಣಕ್ಕೆ ನಮ್ಮ ಜನ ತಾವೇ ಒಂದು ಹೆಸರು ಕೊಟ್ಟರು, 'ಕರೆನ್ಸಿ' ಎಂದು. "ಕರೆನ್ಸಿ ಹಾಕಿಸಬೇಕು" ಎಂಬ ಮಾತು ಗೂಡಂಗಡಿಯಿಂದ ಹಿಡಿದು ಕಾಲೇಜಿನವರೆಗೂ ಓಡಾಡಿತು. ಯಾವ ನಿಘಂಟುಕಾರರೂ ಕಲಿಸಿದ್ದಲ್ಲ. ನಿಗಮದ ಸಿಮ್‌ಗಾಗಿ ಜನ ಸಾಲು ನಿಂತು ಅರ್ಜಿ ಸಲ್ಲಿಸಿದ ಕಾಲವದು. 9448 ಎಂದು ಆರಂಭವಾಗುವ ಸಂಖ್ಯೆಯನ್ನು ಇಂದಿಗೂ ಬಿಡದೆ ಇಟ್ಟುಕೊಂಡವರು ನಿಮ್ಮ ಬಳಗದಲ್ಲಿ ಒಬ್ಬರಾದರೂ ಇದ್ದಾರು. ಆ ಕಾಲದಲ್ಲಿ ಕರ್ನಾಟಕದಲ್ಲಿ ನಿಗಮ ಕೊಟ್ಟ ಸಂಖ್ಯೆಗಳ ಗುರುತು ಅದು. ಮುಂದೆ 2003ರ ಮೇ 1ರಿಂದ ಕರೆಸಿಕೊಂಡವರು ಹಣ ತೆರಬೇಕಾದ ಪದ್ಧತಿ ದೇಶದಲ್ಲೆಲ್ಲ ನಿಂತಿತು. 2006ರ ಮಾರ್ಚ್ 1ರಿಂದ ನಿಗಮ 'ಒನ್ ಇಂಡಿಯಾ' ಎಂಬ ದರವನ್ನು ಜಾರಿಗೆ ತಂದು, ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂದು ಸಾರಿತು. ಬೀದರಿನಿಂದ ಕನ್ಯಾಕುಮಾರಿಗೆ ಒಂದು ರೂಪಾಯಿ! ಎಸ್.ಟಿ.ಡಿ. ಬೂತಿನ ಗಾಜಿನ ಪೆಟ್ಟಿಗೆಯೊಳಗೆ ನಿಂತು, ಏರುತ್ತಿರುವ ಕೆಂಪು ಅಂಕಿಗಳನ್ನೇ ನೋಡುತ್ತ, ಹೇಳಬೇಕಾದ್ದನ್ನು ನುಂಗಿಕೊಂಡು ಫೋನಿಟ್ಟವರಿಗೆ ಆ ಒಂದು ರೂಪಾಯಿಯ ಬೆಲೆ ಗೊತ್ತು.

ಇಷ್ಟು ಅಗ್ಗವಾದದ್ದು ಬರಿಯ ಸರ್ಕಾರದ ಉದಾರತೆಯಿಂದಲ್ಲ, ಸ್ಪರ್ಧೆಯಿಂದಲೂ ಹೌದು. ಖಾಸಗಿಯವರು ಇಳಿಸಿದರೆ ನಿಗಮವೂ ಇಳಿಸಬೇಕು, ನಿಗಮ ಇಳಿಸಿದರೆ ಖಾಸಗಿಯವರೂ ಇಳಿಸಬೇಕು. ಬಳಕೆದಾರನಿಗೆ ಎರಡು ಕಡೆಯಿಂದಲೂ ಲಾಭವೇ. ಆದರೆ ಇವರಿಬ್ಬರಲ್ಲಿ ಗುಡ್ಡ ಹತ್ತಬೇಕಾದ ಹೊಣೆ ಮಾತ್ರ ಒಬ್ಬರದೇ.

ನಿಗಮದ ಸೇವೆಗಳನ್ನೆಲ್ಲ ಒಂದೊಂದಾಗಿ ವಿವರಿಸುತ್ತ ಹೋದರೆ ಇದು ಇಲಾಖೆಯ ಕೈಪಿಡಿಯಾದೀತು. ಮನೆಯ ತಂತಿ ದೂರವಾಣಿ, ಗಾಜಿನೆಳೆಯ ಮೂಲಕ ಬರುವ ಅಂತರ್ಜಾಲ, ಬ್ಯಾಂಕು ಕಛೇರಿಗಳಿಗೆ ಬಾಡಿಗೆಗೆ ಕೊಡುವ ಪ್ರತ್ಯೇಕ ಮಾರ್ಗಗಳು ಇವೆಲ್ಲ ನಿಮಗೆ ಗೊತ್ತಿರುವುವೇ. ಗೋಪುರವೇ ಇಲ್ಲದ ಸ್ಥಳಗಳಿಗಾಗಿ ಉಪಗ್ರಹದ ಫೋನನ್ನೂ ಅದು 2017ರಿಂದ ಒದಗಿಸುತ್ತಿದೆ. ಶುಭಾಶಯ, ಮರಣವಾರ್ತೆ ಎರಡನ್ನೂ ತರುತ್ತಿದ್ದ ತಂತಿ ಸಮಾಚಾರವನ್ನು 2013ರ ಜುಲೈಯಲ್ಲಿ ಕೊನೆಗೊಳಿಸಿದ್ದೂ ನಿಗಮವೇ. ಒಂದು ಕೆಲಸವನ್ನು ಮಾತ್ರ ಹೆಸರಿಸದೆ ಬಿಡಲಾರೆ. ಚೆನ್ನೈಯಿಂದ ಅಂಡಮಾನ್ ನಿಕೋಬಾರ್ ದ್ವೀಪಗಳಿಗೆ ಸಮುದ್ರದ ತಳದಲ್ಲಿ ಸುಮಾರು 2,300 ಕಿಲೋಮೀಟರ್ ಉದ್ದದ ಗಾಜಿನೆಳೆಯ ಕೇಬಲ್ ಹಾಸಿ, 2020ರ ಆಗಸ್ಟ್ 10ರಂದು ಅದನ್ನು ತೆರೆದರು. ಅದಕ್ಕೆ ಮುಂಚೆ ಆ ದ್ವೀಪಗಳು ಹೊರಜಗತ್ತಿನೊಡನೆ ಮಾತನಾಡುತ್ತಿದ್ದದ್ದು ಉಪಗ್ರಹದ ಕಿರಿದಾದ ಕಿಂಡಿಯಿಂದ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಾಸಿದ ಇಂಥದೇ ಕೇಬಲ್ 2024ರ ಜನವರಿಯಲ್ಲಿ ಲೋಕಾರ್ಪಣೆಯಾಯಿತು. ದ್ವೀಪಗಳ ಜನಸಂಖ್ಯೆಯನ್ನು ಕೇಬಲ್ಲಿನ ಉದ್ದದೊಡನೆ ತೂಗಿ ನೋಡಿದ ಯಾವ ವ್ಯಾಪಾರಿಯೂ ತಾನಾಗಿ ಈ ಕೆಲಸಕ್ಕೆ ಕೈಹಾಕುತ್ತಿರಲಿಲ್ಲ.

ನಮ್ಮ ಗಡಿಗೆ ಇನ್ನೂ ಸಮೀಪದ ಒಂದು ನಿದರ್ಶನವಿದೆ. 2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್ಮಲೆಗಳ ಮೇಲೆ ಗುಡ್ಡ ಕುಸಿದುಬಿತ್ತು. ಚೂರಲ್ಮಲೆಯಲ್ಲಿ ಇದ್ದ ಸಂಚಾರಿ ಗೋಪುರ ನಿಗಮದ್ದು. ವಿದ್ಯುತ್ ತಂತಿಗಳು ಕಡಿದಿದ್ದವು. ನಿಗಮದ ಸಿಬ್ಬಂದಿ ಡೀಸೆಲ್ ತಂದು ಜನರೇಟರಿನ ಮೇಲೆ ಗೋಪುರವನ್ನು ನಡೆಸಿದರು. ರಕ್ಷಣಾಕಾರ್ಯಕ್ಕೆ ಬಂದವರ ಮಾತು ಅದರ ಮೂಲಕ ಓಡಾಡಿತು. ಅದೇ ದಿನಗಳಲ್ಲಿ ಅಲ್ಲಿ 4ಜಿ ಸೇವೆಯನ್ನೂ ಕೂಡಿಸಿದರು. ತೋಟದ ಕೂಲಿಯವರು ಬಾಳಿಕೊಂಡಿದ್ದ ಆ ಬೆಟ್ಟದ ಊರಿನ ಗೋಪುರ ಲಾಭ ತಂದಿತ್ತೋ ನಷ್ಟ ತಂದಿತ್ತೋ, ಆ ವಾರ ಯಾರೂ ಕೇಳಲಿಲ್ಲ.

ಆದರೆ ಬೇರೆ ವಾರಗಳಲ್ಲಿ ಕೇಳುವವರಿದ್ದಾರೆ, ಕೇಳತಕ್ಕದ್ದೇ. ಏಕೆಂದರೆ ಹಣ ನಿಮ್ಮದು. 2004–05ರಲ್ಲಿ ನಿಗಮ ವರ್ಷಕ್ಕೆ ಸುಮಾರು 10,000 ಕೋಟಿ ರೂಪಾಯಿ ಲಾಭ ತೋರಿಸಿತ್ತು. ಐದೇ ವರ್ಷಗಳಲ್ಲಿ, 2009–10ರಲ್ಲಿ, 1,800 ಕೋಟಿಗೂ ಮೇಲೆ ನಷ್ಟ. ಇಳಿಜಾರು ಅಷ್ಟು ಬೇಗ ಬಂದದ್ದು ಹೇಗೆ? ಒಂದೇ ಕಾರಣ ಹೇಳುವವರ ಮಾತನ್ನು ನಂಬಬೇಡಿ. ಹಳ್ಳಿಯ ತಂತಿ ದೂರವಾಣಿಯಲ್ಲಿ ಆಗುತ್ತಿದ್ದ ನಷ್ಟವನ್ನು ತುಂಬಲೆಂದು ಖಾಸಗಿ ಕಂಪೆನಿಗಳಿಂದ ಬರುತ್ತಿದ್ದ ಒಂದು ಶುಲ್ಕ 2008ರಲ್ಲಿ ನಿಂತಿತು. ತಂತಿ ಮಾತ್ರ ಉಳಿಯಿತು. 2010ರಲ್ಲಿ ಖಾಸಗಿಯವರು ಹರಾಜಿನಲ್ಲಿ ಕೂಗಿದ ಬೆಲೆಯನ್ನೇ ನಿಗಮವೂ ತೆರಬೇಕೆಂದಾಗಿ, ಅಲೆಗಳಿಗಾಗಿ 18,000 ಕೋಟಿಗೂ ಮೇಲೆ ಬೊಕ್ಕಸಕ್ಕೆ ಸಂದಾಯವಾಯಿತು. ಕೂಡಿಟ್ಟ ಗಂಟು ಕರಗಿತು. ಅದೇ ವರ್ಷ 9 ಕೋಟಿ 30 ಲಕ್ಷ ಸಂಪರ್ಕಗಳಿಗೆ ಬೇಕಾದ ಸಾಮಗ್ರಿಯ ಟೆಂಡರು ರದ್ದಾಯಿತು. ಇರುವ ಗೋಪುರಗಳಿಗೆ ಹೊರೆ ಹೆಚ್ಚಿತು, ಮಾತು ಕಡಿದು ಕಡಿದು ಬರತೊಡಗಿತು. 2011ರ ಜನವರಿಯಿಂದ ಸಂಖ್ಯೆ ಬದಲಾಯಿಸದೆಯೇ ಕಂಪೆನಿ ಬದಲಾಯಿಸುವ ಅವಕಾಶ ದೇಶದಲ್ಲೆಲ್ಲ ಸಿಕ್ಕಿದಾಗ, ಬೇಸತ್ತವರು ಹೊರಟರು.

ಮುಂದಿನದು ಇನ್ನೂ ಕಷ್ಟದ ಕಥೆ. ಖಾಸಗಿಯವರು 4ಜಿ ಸೇವೆಯನ್ನು 2012ರಲ್ಲೇ ಆರಂಭಿಸಿದ್ದರು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಮಾತನ್ನೇ ಉಚಿತವೆಂದು ಸಾರಿತು. ನಿಗಮಕ್ಕೆ 4ಜಿಯ ಅಲೆಗಳನ್ನು ಕೊಡುವ ನಿರ್ಧಾರವಾದದ್ದು 2019ರ ಅಕ್ಟೋಬರಿನಲ್ಲಿ. ಕಾಲಿಗೆ ಹಗ್ಗ ಕಟ್ಟಿ ಓಡೆಂದಂತಾಯಿತು ಎಂದರೆ ಹೆಚ್ಚು ಹೇಳಿದಂತಲ್ಲ. ಇಷ್ಟಾಗಿಯೂ ತಪ್ಪೆಲ್ಲ ಹೊರಗಿನದೇ ಎನ್ನುವುದು ನ್ಯಾಯವಲ್ಲ. ಗ್ರಾಹಕನನ್ನು ಅರ್ಜಿದಾರನೆಂದು ಕಾಣುವ ಹಳೆಯ ಕಛೇರಿಯ ಅಭ್ಯಾಸ ಕಂಪೆನಿಯಾದ ಮಾತ್ರಕ್ಕೆ ಹೋಗಲಿಲ್ಲ. 2018–19ರಲ್ಲಿ ಬಂದ ಆದಾಯದ ಮುಕ್ಕಾಲು ಪಾಲು ನೌಕರರ ಸಂಬಳಕ್ಕೇ ಸಾಲುತ್ತಿತ್ತು. ಇಲಾಖೆಯ ಕಾಲದಲ್ಲಿ ಕಂಬ ಹತ್ತಿ ತಂತಿ ಎಳೆಯಲು ಬೇಕಾಗಿದ್ದ ಜನಬಲ, ತಂತಿಯೇ ಬೇಡವಾದ ಕಾಲಕ್ಕೂ ಹಾಗೆಯೇ ಉಳಿದಿತ್ತು. ಸ್ವಯಂನಿವೃತ್ತಿಯ ಯೋಜನೆ ಬಂದಾಗ 2020ರ ಜನವರಿ 31ರ ಒಂದೇ ದಿನ 78,000ಕ್ಕೂ ಹೆಚ್ಚು ಮಂದಿ ನಿಗಮವನ್ನು ಬಿಟ್ಟರು. ಇದ್ದವರಲ್ಲಿ ಸುಮಾರು ಅರ್ಧ. ಸಂಬಳದ ಹೊರೆ ಇಳಿಯಿತು, ನಿಜ. ಯಾವ ಮೋರಿಯ ಕೆಳಗೆ ಯಾವ ಕೇಬಲ್ ಹೋಗಿದೆಯೆಂದು ನಕ್ಷೆ ನೋಡದೆ ಹೇಳಬಲ್ಲವರೂ ಆ ದಿನವೇ ಮನೆಗೆ ಹೋದರು.

ಕೇಂದ್ರ ಸರ್ಕಾರ 2019, 2022, 2023ರಲ್ಲಿ ಮೂರು ಬಾರಿ ನೆರವಿನ ಯೋಜನೆಗಳನ್ನು ಪ್ರಕಟಿಸಿತು. ಎಲ್ಲ ಕೂಡಿದರೆ ಸುಮಾರು 3 ಲಕ್ಷ 22 ಸಾವಿರ ಕೋಟಿ ರೂಪಾಯಿ. ಅದರಲ್ಲಿ ಬಹುಪಾಲು ನಗದಾಗಿ ಕೈಗೆ ಬಂದದ್ದಲ್ಲ. ಅಲೆಗಳ ಬೆಲೆ, ಹಳೆಯ ಬಾಕಿಗಳ ಹೊಂದಾಣಿಕೆ, ಸಾಲಕ್ಕೆ ಜಾಮೀನು ಎಲ್ಲವೂ ಸೇರಿದೆ. ಆದರೂ ದೊಡ್ಡ ಮೊತ್ತವೇ. ಜೊತೆಗೆ ಸರ್ಕಾರ ಒಂದು ಕಟ್ಟನ್ನೂ ಹಾಕಿತು: ಹೊಸ 4ಜಿಯ ಯಂತ್ರಸಾಮಗ್ರಿ ದೇಶದಲ್ಲೇ ತಯಾರಾದದ್ದಾಗಬೇಕು. ಆಗ ನಮ್ಮಲ್ಲಿ ಅಂಥದೊಂದು ಪೂರ್ಣ ವ್ಯವಸ್ಥೆ ಇರಲೇ ಇಲ್ಲ. ಕಾಯುವ ಗ್ರಾಹಕ ಬೇಸತ್ತು ಹೋಗುತ್ತಿರುವಾಗ ಇನ್ನೂ ಹುಟ್ಟದ ಯಂತ್ರಕ್ಕಾಗಿ ಕಾಯಿರೆಂದದ್ದು ಸರಿಯೇ ಎಂದು ಹಲವರು ಕೇಳಿದರು. ಅಂತೂ ಅದು ತಯಾರಾಯಿತು. ವಿನಿಮಯದ ಹೃದಯಭಾಗವನ್ನು ಕಿತ್ತೂರಿನ ಯಂತ್ರ ಮಾಡಿದ ಅದೇ ಸಿ-ಡಾಟ್ ರೂಪಿಸಿತು. ಗೋಪುರದ ರೇಡಿಯೋ ಸಾಮಗ್ರಿಯನ್ನು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಒದಗಿಸಿತು. ಎಲ್ಲವನ್ನೂ ಹೊಂದಿಸುವ ಕೆಲಸ ಟಿ.ಸಿ.ಎಸ್. ಕಂಪೆನಿಗೆ. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ, ದೂರವಾಣಿ ನಗರವೆಂಬ ಬಡಾವಣೆಗೆ ಹೆಸರು ತಂದ ಐ.ಟಿ.ಐ. ಕಾರ್ಖಾನೆಗೂ ಒಂದು ಪಾಲು ಸಿಕ್ಕಿತು. 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರಸುಗುಡದಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಈ ವ್ಯವಸ್ಥೆಯನ್ನು 97,500ಕ್ಕೂ ಹೆಚ್ಚು ಗೋಪುರಗಳೊಡನೆ ಉದ್ಘಾಟಿಸಿದರು. ಇಂಥ ವ್ಯವಸ್ಥೆಯನ್ನು ಸ್ವಂತವಾಗಿ ಮಾಡಬಲ್ಲ ದೇಶಗಳು ಜಗತ್ತಿನಲ್ಲಿ ಕೈಬೆರಳೆಣಿಕೆಯಷ್ಟು.

ಇಷ್ಟರಿಂದ ನಿಗಮ ದಡ ಸೇರಿತೆಂದು ಹೇಳುವಂತಿಲ್ಲ. 2024ರ ಜುಲೈಯಲ್ಲಿ ಖಾಸಗಿ ಕಂಪೆನಿಗಳು ದರ ಏರಿಸಿದಾಗ ಒಂದೇ ತಿಂಗಳಲ್ಲಿ ಸುಮಾರು 29 ಲಕ್ಷ ಗ್ರಾಹಕರು ನಿಗಮಕ್ಕೆ ಹೆಚ್ಚಾದರು. ಅಷ್ಟೂ ಜನ ಉಳಿದುಕೊಳ್ಳಲಿಲ್ಲ. 2024ರ ಕೊನೆಯ ಮೂರು ತಿಂಗಳಲ್ಲಿ 262 ಕೋಟಿ ಲಾಭ, ಹದಿನೇಳು ವರ್ಷಗಳಲ್ಲಿ ಮೊದಲನೆಯದು ಎಂದು ವರದಿಯಾಯಿತು. ಆ ಇಡೀ ಆರ್ಥಿಕ ವರ್ಷಕ್ಕೆ ಲೆಕ್ಕ ಹಾಕಿದರೆ ಇನ್ನೂ 2,000 ಕೋಟಿಗೂ ಮೇಲೆ ನಷ್ಟವೇ.

ಹಾಗಾದರೆ ಗುಡ್ಡದ ಗೋಪುರದ ಖರ್ಚನ್ನು ಹೊರಬೇಕಾದವರು ಯಾರು? ಪಟ್ಟಣದ ಲಾಭದಿಂದ ಹಳ್ಳಿಯ ನಷ್ಟ ತುಂಬುವುದು ಇಲಾಖೆಯ ಕಾಲದ ಉಪಾಯ. ಪಟ್ಟಣದ ಗ್ರಾಹಕ ಬೇರೆಡೆಗೆ ಹೋದಮೇಲೆ ಆ ಉಪಾಯ ಕುಸಿಯಿತು. ಇನ್ನೊಂದು ಉಪಾಯ 2002ರಿಂದಲೂ ಇದೆ. ಎಲ್ಲ ದೂರವಾಣಿ ಕಂಪೆನಿಗಳೂ ತಮ್ಮ ಆದಾಯದಲ್ಲಿ ನೂರಕ್ಕೆ ಐದರಷ್ಟನ್ನು ಒಂದು ಸಾರ್ವತ್ರಿಕ ಸೇವಾ ನಿಧಿಗೆ ಕೊಡಬೇಕು. ಈಗ ಅದಕ್ಕೆ ಡಿಜಿಟಲ್ ಭಾರತ ನಿಧಿಯೆಂದು ಹೆಸರು. ಎಂದರೆ ನೀವು ಯಾವ ಕಂಪೆನಿಯ ಸಿಮ್ ಹಾಕಿಕೊಂಡಿದ್ದರೂ ಸರಿ, ಕರೆನ್ಸಿ ಹಾಕಿಸಿದಾಗಲೆಲ್ಲ ನಾಲ್ಕು ಕಾಸು ಆ ಹುಂಡಿಗೆ ಬೀಳುತ್ತದೆ. ಸಂಪರ್ಕವೇ ಇಲ್ಲದ 24,680 ಹಳ್ಳಿಗಳಿಗೆ 4ಜಿ ಮುಟ್ಟಿಸಲು 2022ರ ಜುಲೈಯಲ್ಲಿ ಸಚಿವ ಸಂಪುಟ ಒಪ್ಪಿದ 26,316 ಕೋಟಿಯ ಯೋಜನೆ ಈ ನಿಧಿಯದು; ಕೆಲಸವನ್ನು ವಹಿಸಿದ್ದು ನಿಗಮಕ್ಕೆ. ಗೋಪುರ ಕಟ್ಟುವ ಹಣವಷ್ಟೇ ಅಲ್ಲ, ಐದು ವರ್ಷ ಅದನ್ನು ನಡೆಸುವ ಖರ್ಚೂ ಈ ಲೆಕ್ಕದಲ್ಲಿದೆ. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಜಾಣತನದ ಅಂಶ ಇದೇ. ಕಟ್ಟುವುದು ಸುಲಭ, ಆರನೆಯ ಮಳೆಗಾಲದಲ್ಲಿ ಡೀಸೆಲ್ ಹೊರುವವರು ಯಾರೆಂಬುದು ಕಷ್ಟ. ಆರನೆಯ ವರ್ಷದ ಪ್ರಶ್ನೆಯನ್ನು ಈಗಿನಿಂದಲೇ ಕೇಳಿಡುವುದು ಒಳ್ಳೆಯದು. ನಿಗಮದಿಂದ ಲಾಭವನ್ನೂ ನಿರೀಕ್ಷಿಸಿ, ಗುಡ್ಡವನ್ನೂ ಹತ್ತಿಸಿ, ಎರಡರ ಲೆಕ್ಕವನ್ನೂ ಒಂದೇ ಪುಸ್ತಕದಲ್ಲಿ ಬರೆದರೆ, ವರ್ಷದ ಕೊನೆಗೆ ಬಂದ ನಷ್ಟ ಅಸಡ್ಡೆಯದೋ ಸೇವೆಯದೋ ತಿಳಿಯುವುದೇ ಇಲ್ಲ. ಅಸಡ್ಡೆಯ ನಷ್ಟಕ್ಕೆ ಅಧಿಕಾರಿಗಳನ್ನು ಕೇಳಬೇಕು; ಸೇವೆಯ ನಷ್ಟವನ್ನು ನಾವು ಕೊಡಬೇಕು.

ಚಿಕ್ಕಮ್ಮನ ಊರಿನ ಮಾತು ಅರ್ಧಕ್ಕೇ ನಿಂತಿತು. ಎದುರು ಗುಡ್ಡದ ನೆತ್ತಿಯ ಮೇಲೆ ಕಳೆದ ವರ್ಷ ಒಂದು ಗೋಪುರ ಎದ್ದಿತು. ಮೊನ್ನೆ ಹೋಗಿದ್ದಾಗ ನೋಡಿದೆ, ಸಿಗ್ನಲ್ ಮರದ ಬುಡದ ಚಪ್ಪಡಿಯ ಮೇಲೆ ಯಾರೋ ಸೀಗೆಕಾಯಿ ಒಣಹಾಕಿದ್ದರು. ಚಿಕ್ಕಮ್ಮ ಜಗಲಿಯ ಕಂಬಕ್ಕೆ ಒರಗಿ ಕುಳಿತು ಮುಂಬಯಿಯಲ್ಲಿರುವ ಮಗಳೊಡನೆ ಮಾತನಾಡುತ್ತಿದ್ದರು. ಒಳಗೆ ಹೋದರೆ ಮಣ್ಣಿನ ದಪ್ಪಗೋಡೆಯ ದೆಸೆಯಿಂದ ಮಾತು ಕಡಿಯುತ್ತದಂತೆ. ಅಡುಗೆಮನೆಯಲ್ಲಿ ಈಗಲೂ ರೇಡಿಯೋ ಒಂದೇ.